ನಾಲ್ಕನೇ ಗ್ಲಾಸ್

ಮುಂಬೈನ ಮುಲುಂಡ್‌ನ ಒಂದು ದವಾಖಾನೆ, ಬೆಳಿಗ್ಗೆ ಹನ್ನೊಂದು ಗಂಟೆ. ಕಿಡ್ನಿ ಡಾಕ್ಟರರ ಕೋಣೆಯ ಹೊರಗೆ, ನನ್ನ ಮುಂದಿನ ಬೆಂಚಿನಲ್ಲಿ ಅಕ್ಕ ತಂಗಿ ಇಬ್ಬರು ಕೂತಿದ್ದರು. ಅಕ್ಕನಿಗೆ ಐವತ್ತರ ಆಸುಪಾಸು, ಸೀರೆಯ ಅಂಚಿಗೆ ಒಣಗಿದ ಸಿಮೆಂಟು ಅಂಟಿತ್ತು. ರಿಪೋರ್ಟ್ ತಂಗಿಯ ಕೈಯಲ್ಲಿತ್ತು.

“ಹೋದ ತಿಂಗಳಕ್ಕಿಂತ ಕೆಟ್ಟೈತಿ ಅಕ್ಕಾ. ದಿನಕ್ಕ ಎಂಟ್ ಗ್ಲಾಸ್ ಆಗೋ ತನಕ ವಾರಕ್ಕೊಂದ್ ಗ್ಲಾಸ್ ನೀರ್ ಹೆಚ್ಚ ಮಾಡ್ಕೋತ ಹೋಗು ಅಂದಿದ್ರಲ್ಲ ಡಾಕ್ಟರ್?”

“ಮಾಡಿದ್ನೆವ್ವಾ. ನಾಕ್ ಗ್ಲಾಸಿಗೆ ಬಂದಿದ್ದೆ.”

“ಮತ್ತ?”

“ನಾಕ್ ಕುಡದ್ರ ಎರಡ್ ಸರ್ತಿ ಹೋಗ್ಬೇಕಾಗ್ತೈತಿ. ಸೈಟಿನ್ಯಾಗ ಹೆಂಗಸರಿಗೆ ಸಂಡಾಸ ಎಲ್ಲೈತಿ? ರೈಲ್ವೆ ಸ್ಟೇಷನ್ ತನಕ ನಡೀಬೇಕು.”

“ನಡಿ. ಯಾರ್ ಬ್ಯಾಡ ಅಂತಾರ?”

“ಎರಡ್ನೇ ಸರ್ತಿ ಹೊಂಟಾಗ ಕೆಲಸ ಮಾಡ್ಸೋ ಮುಕಾದಮ, ‘ಮೌಶಿ, ಸ್ಟೇಷನ್‌ದಾಗ ಮನಿ ಮಾಡೀಯೇನ?’ ಅಂದ. ಗಂಡಸ್ರೆಲ್ಲಾ ನಕ್ರು.”

“ಅಷ್ಟಕ್ಕ ಬಿಟ್ಟೇನು?”

“ಒಮ್ಮೆಲೇ ಬಿಡಲಿಲ್ಲ. ಮೂರಕ್ಕ ಇಳಿಸಿದೆ, ಆಮ್ಯಾಲ ಎರಡಕ್ಕ. ಈಗ ರೊಟ್ಟಿ ಗಂಟಲದಾಗ ಸಿಕ್ರಷ್ಟ ಒಂದ್ ಗುಟುಕು.”

“ಹಿಂಗಾದ್ರ ರಕ್ತಾ ತೊಳಿಯೋ ಮಷೀನಿಗೆ ಹಾಕ್ತಾರ.”

“ಗೊತ್ತೈತಿ.”

“ಇವತ್ತರ ಡಾಕ್ಟರ್ ಮುಂದ ಖರೇ ಹೇಳು.”

“ಖರೇ ಹೇಳಿದ್ರ ಸಂಡಾಸ ಕಟ್ಟಿಸಿ ಕೊಡ್ತಾರೇನ? ಎಂಟ್ ಗ್ಲಾಸ್ ಕುಡೀತೀನಿ ಅಂತೀನಿ.”

ನರ್ಸ್ ಹೊರಗೆ ಬಂದು “ಹನುಮವ್ವ” ಎಂದು ಕೂಗಿದರು. ಇಬ್ಬರೂ ಎದ್ದರು. ತಂಗಿ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು.

“ಬ್ಯಾಡವಾ,” ಎಂದರು ಹನುಮವ್ವ. “ಇಲ್ಲಿಂದ ಸೀದಾ ಕೆಲಸಕ್ಕ ಹೋಗ್ಬೇಕು.”