ಹೋಗಿ ಬರ್ರಿ

ಇದು ನಮ್ಮ ದೊಡ್ಡಪ್ಪನ ಮಗ ನರಹರಿಗೆ ಆದದ್ದು. ಬಾಗಲಕೋಟೆಯವನು, ಹಾಲೆಂಡಿನ ರೈಸ್‌ವೈಕ್‌ನಲ್ಲಿ ಇಂಜಿನಿಯರ್. ದೆವ್ವ ಅಂದರೆ ಹೊಟ್ಟೆ ಹಿಡಿದು ನಗುತ್ತಿದ್ದ... ಈಗ ನಗುವುದಿಲ್ಲ.

2021ರ ಫೆಬ್ರುವರಿ. ಕೊರೋನಾ ಅಂತ ಅಲ್ಲಿ ರಾತ್ರಿ ಒಂಬತ್ತರಿಂದ ಕರ್ಫ್ಯೂ. ನಾಯಿ ಸಾಕಿದವರಿಗೆ ಮಾತ್ರ ವಿನಾಯಿತಿ. ಅದೂ ನಾಯಿಯ ಜೊತೆ ಒಬ್ಬರೇ ಹೋಗಬೇಕು, ಇಬ್ಬರು ಹೋದರೆ ದಂಡ. ನರಹರಿಯ ಹೆಂಡತಿ ಊರ್ಮಿಳಾ ಆಗ ಏಳು ತಿಂಗಳ ಬಸುರಿ. ವಿಮಾನ ಬಂದ್ ಆಗಿ ತವರಿನಿಂದ ಯಾರೂ ಬರುವ ಹಾಗಿರಲಿಲ್ಲ. ಮನೆಯಲ್ಲಿ ಇವರಿಬ್ಬರು, ಮತ್ತೆ ಮಿರ್ಚಿ ಅನ್ನುವ ಕಂದು ನಾಯಿ. ಮಿರ್ಚಿ ಸಾಹೇಬರು ಹಗಲೆಲ್ಲ ಹೀಟರಿಗೆ ಬೆನ್ನು ಕೊಟ್ಟು ಮಲಗಿ, ರಾತ್ರಿ ಹತ್ತಾಯಿತೋ ಹೊರಗೆ ಹೋಗಲೇಬೇಕು.

ಆ ರಾತ್ರಿ ಕಾಲುವೆ ಹೆಪ್ಪುಗಟ್ಟಿತ್ತು. ದಂಡೆಯ ಮೇಲೆ ನರಪಿಳ್ಳೆ ಇಲ್ಲ. ಬೂಟಿನಡಿ ಹಿಮ ಕರಕ್... ಕರಕ್. ಮಿರ್ಚಿಯ ಕೊರಳ ಬಿಲ್ಲೆ ಟಿಣ್ ಟಿಣ್. ಆಗೊಮ್ಮೆ ಈಗೊಮ್ಮೆ ಕಾಲುವೆಯ ಆ ದಡದಿಂದ ಈ ದಡಕ್ಕೆ ಮಂಜುಗಡ್ಡೆ ಗುಂಯ್... ಎಂದು ನರಳುತ್ತಿತ್ತು.

ಸೇತುವೆ ದಾಟಿದ ಮೇಲೆ ಮಿರ್ಚಿಯ ನಡಿಗೆ ಬದಲಾಯಿತು. ಯಾವಾಗಲೂ ಮುಂದೆ ಎಳೆಯುವ ನಾಯಿ, ಈಗ ಒಂದು ಮಾರು ಸರಿದು ಮೆಲ್ಲಗೆ ನಡೆಯತೊಡಗಿತು. ತನಗೂ ನರಹರಿಗೂ ನಡುವೆ ಜಾಗ ಬಿಟ್ಟು... ಆ ಜಾಗದ ಕಡೆಗೇ ಕತ್ತೆತ್ತಿ ನೋಡುತ್ತ. ನರಹರಿಗೆ ಸಣ್ಣಗೆ ಬೆವರಿತು. ಅಂಥ ಚಳಿಯಲ್ಲಿ.

ಅಷ್ಟರಲ್ಲಿ ಪೊಲೀಸ್ ಕಾರು ಬಂದು ನಿಂತಿತು. ಗಾಜು ಇಳಿಯಿತು. ಒಳಗೊಬ್ಬ ಎಳೆಯ ಪೊಲೀಸಿನವನು.

"ನಾಯಿಯ ಜೊತೆ ಒಬ್ಬರೇ ಬರಬೇಕು, ಗೊತ್ತಲ್ಲವಾ?"

"ಒಬ್ಬನೇ ಇದ್ದೇನಲ್ಲ," ಅಂದ ನರಹರಿ.

ಪೊಲೀಸಿನವನು ಅವನ ಪಕ್ಕಕ್ಕೆ ನೋಡಿದ. ಮತ್ತೆ ಅವನ ಮುಖ ನೋಡಿದ. "ತಮಾಷೆ ಬೇಡ. ಈ ಚಳಿಯಲ್ಲಿ ಅಜ್ಜಿಯನ್ನು ಕೋಟೂ ಇಲ್ಲದೆ ಕರೆದುಕೊಂಡು ಬಂದಿದ್ದೀರಿ. ಅವರನ್ನು ಮನೆಗೆ ಕಳಿಸಿ. ದಂಡ ಹಾಕುವುದಿಲ್ಲ."

ನರಹರಿಯೂ ಕತ್ತು ಹೊರಳಿಸಿ ನೋಡಿದ. ಪಕ್ಕದಲ್ಲಿ ಹಿಮ ಬಿಟ್ಟರೆ ಏನೂ ಇಲ್ಲ. ಪೊಲೀಸಿನವನು ಕಾಯುತ್ತಿದ್ದ. ಹೇಗಾದರೂ ಇದು ಮುಗಿದರೆ ಸಾಕೆಂದು ನರಹರಿ ಆ ಖಾಲಿ ಜಾಗಕ್ಕೆ ತಿರುಗಿ, ಮನೆಗೆ ಬಂದವರನ್ನು ಕಳಿಸುವಾಗ ಹೇಳುವ ಮಾತನ್ನೇ ಹೇಳಿಬಿಟ್ಟ.

"ಹೋಗಿ ಬರ್ರಿ..."

ಪೊಲೀಸಿನವನ ಕತ್ತು ನಿಧಾನಕ್ಕೆ ತಿರುಗಿತು. ಯಾರೋ ಸೇತುವೆಯ ತನಕ ನಡೆದು ಹೋಗುವುದನ್ನು ನೋಡುವವರ ಹಾಗೆ. ಆಮೇಲೆ ತಲೆಯಾಡಿಸಿ, ಗಾಜು ಏರಿಸಿ ಹೊರಟುಹೋದ.

ನರಹರಿ ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ತಣ್ಣೀರಲ್ಲಿ ಕಾಲು ತೊಳೆದ. ಆಮೇಲೆ ಪಿಸುದನಿಯಲ್ಲಿ ಎಲ್ಲ ಹೇಳಿದ. ಊರ್ಮಿಳಾ ಕೇಳಿದಳು:

"ಏನಂದ್ರಿ ಆಕಿಗೆ?"

"ಹೋಗಿ ಬರ್ರಿ ಅಂದೆ."

"ಬರ್ರಿ ಅಂದ್ರಿ?"

"ರೂಢಿ ನೋಡು... ಬಾಯಾಗ ಬಂದ್ಬಿಡ್ತು."

ಊರ್ಮಿಳಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆ ರಾತ್ರಿ ಇಬ್ಬರೂ ರೆಪ್ಪೆ ಮುಚ್ಚಲಿಲ್ಲ.

ಮರುದಿನ ರಾತ್ರಿ ಎಂಟಕ್ಕೇ ಮಿರ್ಚಿಯನ್ನು ಸುತ್ತಾಡಿಸಿ ತಂದರು. ಬಾಗಿಲಿಗೆ ಎರಡೆರಡು ಸಲ ಕೀಲಿ ಹಾಕಿದರು. ಊಟದ ಮೇಜಿಗೆ ಬಂದು ಕೂತರು.

ಹತ್ತು ಗಂಟೆ. ಮಿರ್ಚಿ ಎದ್ದು ಬಾಗಿಲಿಗೆ ಹೋಯಿತು. ಬೊಗಳಲಿಲ್ಲ. ಬಾಲ ಗೋಡೆಗೆ ಬಡಿಯಿತು. ಪಟ್... ಪಟ್... ಪಟ್. ಆಮೇಲೆ ಕತ್ತೆತ್ತಿಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ, ಮುದುಕರ ಜೊತೆ ನಡೆದಂತೆ, ಮೇಜಿನ ತನಕ ಬಂತು. ಊರ್ಮಿಳಾಳ ಪಕ್ಕದ ಖಾಲಿ ಕುರ್ಚಿಯ ಮುಂದೆ ಕೂತಿತು. ಬಲಗಾಲು ಎತ್ತಿ ಮುಂದೆ ಚಾಚಿತು... ಕಾಲು ಗಾಳಿಯಲ್ಲಿ ಹಾಗೇ ನಿಂತಿತು.

ಊರ್ಮಿಳಾ ಎದ್ದು ನಿಂತಳು. ಮನೆಗೆ ಬಂದವರನ್ನು ಚಹಾ ಕುಡಿಸದೆ ಕಳಿಸಿದವಳಲ್ಲ ಅವಳು.

"ಹೋಗ್ರಿ," ಅಂದಳು ಮೆಲ್ಲಗೆ. "ಹೋಗ್ರಿ ನೀವು. ಬರಬ್ಯಾಡ್ರಿ."

ಮಂಜುಗಡ್ಡೆ ನರಳಿದ್ದು ಅಷ್ಟು ದೂರದಿಂದಲೂ ಕೇಳಿಸಿತು. ಗುಂಯ್...

ಮಿರ್ಚಿಯ ಕಾಲು ಮೆಲ್ಲಗೆ ನೆಲಕ್ಕೆ ಇಳಿಯಿತು, ಯಾರೋ ಜೋಪಾನವಾಗಿ ಇಳಿಸಿದ ಹಾಗೆ.

ಕೂಸು ಏಪ್ರಿಲ್‌ನಲ್ಲಿ ಸುಖವಾಗಿ ಹುಟ್ಟಿತು, ಹೆದರಬೇಡಿ. ನೀವು ನಂಬಿ, ಬಿಡಿ... ಇದು ನಡೆದದ್ದು. ನರಹರಿ ಆಗ ನಾಯಿಯ ಕಾಲು ಮುಟ್ಟಿ ನೋಡಿದ್ದಾನೆ. ಮೂರು ಬೆಚ್ಚಗಿದ್ದವು. ಎರಡು ತಾಸಿನಿಂದ ಮನೆಯೊಳಗೇ ಇದ್ದ ನಾಯಿಯ ಬಲಗಾಲಿನ ಬೆರಳ ಸಂದಿಯಲ್ಲಿ ಮಾತ್ರ ಮಂಜುಗಡ್ಡೆಯ ಚೂರು ಇತ್ತಂತೆ.