ತೂಬು ಎತ್ತಿದ್ದು ನಾನೇ

ಹೂವಮ್ಮ ಕೋಂ ಪುಟ್ಟಪ್ಪ, ವಯಸ್ಸು ಸುಮಾರು 41 ವರ್ಷ, ಮಣ್ಣು ಕೂಲಿ ಕೆಲಸ, ವಾಸ ಬಿಳಿಗಲ್ಲುಕೊಪ್ಪದ ಕೆಳಗಿನ ಕೇರಿ, ಹೊಸನಗರ ತಾಲ್ಲೂಕು. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಯಪಡಿಸುವುದೇನೆಂದರೆ:

ನಮ್ಮೂರ ಹೊಸ ಕೆರೆಯ ಏರಿಯ ಕೆಲಸದಲ್ಲಿ ನಾನು ಎರಡು ಬೇಸಿಗೆ ದುಡಿದಿರುತ್ತೇನೆ. ಏರಿಯ ನಡುವೆ ಉದ್ದಕ್ಕೂ ಕಪ್ಪು ಜೇಡಿಮಣ್ಣಿನ ಗೋಡೆ ಬರಬೇಕು, ನೀರು ತಡೆಯುವುದು ಅದೇ, ಎರಡು ಬದಿಯ ಕೆಂಪು ಮಣ್ಣು ಅದಕ್ಕೆ ಆಸರೆ ಮಾತ್ರ ಎಂದು ಓವರ್‌ಸಿಯರ್ ಗಜಾನನರವರೇ ನಮಗೆ ಹೇಳಿದ್ದರು. ಮೊದಲ ಬೇಸಿಗೆ ಹಾಗೆಯೇ ನಡೆಯಿತು. ನೀರು ಚಿಮುಕಿಸಿ, ಅರ್ಧ ಅಡಿಗೊಮ್ಮೆ ದಮ್ಮಸು ಹೊಡೆದೆವು. ಎರಡನೇ ಬೇಸಿಗೆ ಜೇಡಿಯ ಗಾಡಿಗಳು ನಿಂತವು. ಗುತ್ತಿಗೆದಾರ ವಾಸಪ್ಪನವರು ನಡುವಿಗೂ ಕಲ್ಲುನೊರಜಿನ ಕೆಂಪು ಮಣ್ಣನ್ನೇ ಸುರಿಸಿದರು. ಕೇಳಿದ್ದಕ್ಕೆ, ಮುಚ್ಚಿದ ಮೇಲೆ ಒಳಗೆ ನೋಡುವವರು ಯಾರು ಎಂದರು.

ದಿನಾಂಕ 9-8-64ರಂದು ಬೆಳಿಗ್ಗೆ 7 ಗಂಟೆಗೆ ಹುಲ್ಲಿಗೆ ಹೋದಾಗ, ಏರಿಯ ಹೊರಬದಿಯ ಬುಡದಲ್ಲಿ, ತೂಬಿನಿಂದ ಸುಮಾರು 40 ಗಜ ದೂರದಲ್ಲಿ, ಒಂದು ಮಾರು ಅಗಲ ನೀರು ಒಸರುತ್ತಿತ್ತು. ತಿಳಿಯಾಗಿತ್ತು. 11ರಂದು ಅದೇ ಜಾಗವನ್ನು ಯಾರೋ ಹಸಿ ಸೊಪ್ಪು ಹಾಸಿ ಮುಚ್ಚಿದ್ದರು. ಸರಿಸಿ ನೋಡಲಾಗಿ ನೀರು ಕೆಂಪಗಿತ್ತು. ಚೊಂಬಿನಲ್ಲಿ ಹಿಡಿದಿಟ್ಟೆ, ತಳದಲ್ಲಿ ಒಂದು ಬೆರಳು ಮಣ್ಣು ನಿಂತಿತು. ಓವರ್‌ಸಿಯರರಿಗೆ ತೋರಿಸಿದೆ. ಮಣ್ಣಿನ ಏರಿ ಬೆವರುವುದು ಸಹಜ ಎಂದರು.

"ಬೆವರು ಕೆಂಪಗಿರ್ತದಾ ಸ್ವಾಮಿ? ಒಳಗಿನ ಮಣ್ಣೇ ಕೊಚ್ಕೊಂಡು ಬರ್ತಿದೆ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಸೊಪ್ಪು ಹಾಸಿದ್ದು ಯಾರೆಂದು ನಾನು ಕೇಳುವ ಮೊದಲೇ, ತಮಗೆ ಗೊತ್ತಿಲ್ಲ ಎಂದರು.

13ರಂದು ಬೆಳಿಗ್ಗೆ 11 ಗಂಟೆಗೆ ಅಲ್ಲಿ ತೊಡೆಗಾತ್ರದ ಬಿಲವಾಗಿತ್ತು. ಮೇಲೆ ಏರಿ ಒಂದು ಗೇಣು ಕುಸಿದಿತ್ತು. ಓವರ್‌ಸಿಯರರು ಸಾಗರಕ್ಕೆ ಹೋಗಿದ್ದರು. ಕೇರಿಯ ಒಂಬತ್ತು ಮನೆಯವರನ್ನು ಶಾಲೆಯ ದಿಬ್ಬಕ್ಕೆ ಹತ್ತಿಸಿದೆ. ನನ್ನ ಅತ್ತೆ ಶೇಷಮ್ಮ ನಡೆಯಲಾರರು. ಬೆನ್ನ ಮೇಲೆ ಹೊತ್ತೆ. ಬಳಿಕ ತೂಬಿನ ಕಾವಲಿನ ಜಟ್ಟಿಂಗಪ್ಪನವರನ್ನು ಬೇಡಿಕೊಂಡೆ.

"ಮೇಲಿನವ್ರ ಬರಹ ಇಲ್ದೆ ತೂಬು ಎತ್ತಿದ್ರೆ ನನ್ ಕೆಲ್ಸ ಹೋಗ್ತದೆ ಕಣಕ್ಕಾ" ಎಂದರು.

ತೂಬಿನ ಬೀಗದ ಕೈಯನ್ನು ಅವರು ನನಗೆ ಕೊಡಲಿಲ್ಲ. ಕಲ್ಲಿನ ಮೇಲಿತ್ತು, ನಾನು ತೆಗೆದುಕೊಂಡೆ. ಅವರು ಆಚೆ ತಿರುಗಿ ಕುಳಿತಿದ್ದರು. ಮಧ್ಯಾಹ್ನ 12-20ಕ್ಕೆ ತೂಬು ಎತ್ತಿದ್ದು ನಾನೇ. ಅಪ್ಪಣೆ ಇರಲಿಲ್ಲ, ಅದು ತಪ್ಪೆಂದು ಗೊತ್ತಿತ್ತು.

ಸಂಜೆ 4-10ಕ್ಕೆ ಏರಿ ಬಿಲದ ಜಾಗದಲ್ಲೇ ಒಡೆಯಿತು. ಅಷ್ಟರಲ್ಲಿ ಕೆರೆ ಮೂರು ಅಡಿ ಇಳಿದಿತ್ತು. ಎರಡು ಮನೆ ಹೋದವು, ಅದರಲ್ಲಿ ನನ್ನದೊಂದು. ಯಾರ ಜೀವವೂ ಹೋಗಲಿಲ್ಲ.

ನಾನು ನೀರನ್ನು ಒಮ್ಮೆಲೇ ಇಳಿಸಿದ್ದರಿಂದ ಏರಿ ಜಾರಿತೆಂದು ವಾಸಪ್ಪನವರು ದೂರು ಕೊಟ್ಟಿರುವುದಾಗಿ ತಾವು ತಿಳಿಸಿದಿರಿ. ಹಾಗಾಗಿದ್ದರೆ ನೀರಿನ ಬದಿ ಜಾರಬೇಕಿತ್ತು. ಒಡೆದ ಬಾಯಿಯ ಎರಡೂ ಪಕ್ಕ ಆ ಬದಿಗೆ ಹೊದಿಸಿದ ಕಲ್ಲು ಒಂದೂ ಕದಲಿಲ್ಲ. ಬಾಯಿಯಲ್ಲಿ ಏರಿಯ ಒಳಗು ಕಾಣುತ್ತದೆ. ಕೆಳಗೆ ಆಳೆತ್ತರ ಕಪ್ಪು ಗೋಡೆ ನಿಂತಿದೆ, ಅದರ ಮೇಲೆ ಬರೀ ನೊರಜಿನ ಕೆಂಪು ಮಣ್ಣು.

ಇಂದು ಬೆಳಿಗ್ಗೆ 6 ಗಂಟೆಗೆ ವಾಸಪ್ಪನವರ ಕಡೆಯಿಂದ ನಾಲ್ಕು ಗಾಡಿ ಕಪ್ಪು ಜೇಡಿ ಬಂದಿದೆ. ಒಡೆದ ಬಾಯಿಗೆ ಮೆತ್ತಲು ಆಳುಗಳು ಇಳಿದಿದ್ದರು. ಒಳಗು ಮರೆಯಾಗುವ ಮೊದಲು ಸಾಹೇಬರು ಬಂದು ಕಣ್ಣಾರೆ ನೋಡಬೇಕು. ಕೇರಿಯ ಹೆಂಗಸರು ಗಾಡಿಗಳ ಮುಂದೆ ಕುಳಿತಿದ್ದಾರೆ. ನಾನು ಬರುವವರೆಗೆ ಏಳಬೇಡಿ ಎಂದು ಹೇಳಿ, ಏಳು ಮೈಲಿ ನಡೆದು ಬಂದಿರುತ್ತೇನೆ.

ಇದಿಷ್ಟು ನಾನು ಕಂಡದ್ದು ಮತ್ತು ಮಾಡಿದ್ದು. ಬರೆದದ್ದನ್ನು ಓದಿಸಿ ಕೇಳಿ, ನಿಜವೆಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತೇನೆ.

ಸ್ಥಳ: ಹೊಸನಗರ
ದಿನಾಂಕ: 14-8-1964, ಬೆಳಿಗ್ಗೆ 9-30
ಹೂವಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು