ಪಾಳು ಊರಿನ ಗುನ್ನಿಲ್ಡ್

ಯಾರ್ಕ್‌ನ ಚರ್ಚಿನೊಳಗೆ ನಾರ್ಮನ್ ದೊರೆಯ ಅಧಿಕಾರಿಗಳು ಊರೂರಿನ ಭೂಮಿಯ ಲೆಕ್ಕ ಬರೆಸುತ್ತಿದ್ದರು. ಹೊರಗೆ ಸಾಲಿನಲ್ಲಿ ನನ್ನ ಮುಂದೆ ಸಾಕ್ಷಿ ಹೇಳಲು ಬಂದ ಗಾಮೆಲ್ ಮತ್ತು ಅವನೂರಿನ ಪಕ್ಕದೂರಿನಲ್ಲಿದ್ದ, ಅವನ ಸತ್ತ ತಮ್ಮನ ಹೆಂಡತಿ ಗುನ್ನಿಲ್ಡ್ ನಿಂತಿದ್ದರು.

"ನಮ್ಮೂರಿನ ಬಗ್ಗೆ ಏನಂತೀರಿ ಭಾವ?"

"ಹಿಂದಿನ ದೊರೆ ಎಡ್ವರ್ಡ್ ಕಾಲದಲ್ಲಿ ಹೊಲ ನನ್ನ ತಮ್ಮಂದು ಅಂತೀನಿ. ಈಗ ಪಾಳು ಅಂತೀನಿ."

"ನಾನೊಬ್ಬಳು ಅಲ್ಲೇ ಇದ್ದೀನಲ್ಲ?"

"ಅವರು ಕೇಳೋದು ನೇಗಿಲೆಷ್ಟು, ಎತ್ತೆಷ್ಟು, ಗಂಡಸರೆಷ್ಟು ಅಂತ. ಈ ದೊರೆ ದಂಡು ಸುಟ್ಟುಹಾಕಿದ ಮೇಲೆ ಅಲ್ಲಿ ಯಾವುದಿದೆ?"

"ಹಂದಿನೂ ಎಣಿಸ್ತಾರಂತೆ."

"ಹಂದಿ ಇದ್ದಿದ್ರೆ ಹೇಳ್ತಿದ್ದೆ ಕಣೇ."

"ನನ್ನ ಹೆಸರೂ ಹೇಳಿಬಿಡಿ. ಹೊಲ ನಂಗೇ ಉಳೀಲಿ."

"ಹೇಳಿದ್ರೆ ಹೊಸ ಧಣಿ ಬಂದು ಹೊಲಾನೂ ತಗೋತಾನೆ, ನಿನ್ನನ್ನ ಬಿಟ್ಟಿ ಚಾಕರಿಗೂ ಹಾಕ್ತಾನೆ. ಹೇಳದಿದ್ರೆ ಯಾರೂ ಬರಲ್ಲ."

"ಈಗಲೂ ಯಾರೂ ಬರಲ್ಲ."

ಒಳಗಿನಿಂದ ಗಾಮೆಲ್‌ಗೆ ಕರೆ ಬಂತು. ಹೋದವನು ಆಣೆಯಿಟ್ಟು ಸಾಕ್ಷಿ ಹೇಳಿ ಬೇಗನೇ ಹೊರಬಂದ.

"ಪಾಳು ಅಂದ್ರಾ?"

"ಹೂಂ. ಮತ್ತೇನೂ ಕೇಳಲಿಲ್ಲ."

"ಸರಿ ಭಾವ. ಮನೆಗೆ ಹೋಗ್ಬರ್ತೀನಿ, ಕತ್ತಲಾಗುತ್ತೆ."

ಅವಳು ಹೊರಟಳು. ಅವನು ಒಂದಿಷ್ಟು ದೂರ ಜೊತೆಗೆ ಹೋದ.